ಕಹಿ ಮುಚ್ಚಿ ಸಕ್ಕರಿ ಸುರದು ಕೊಡಬ್ಯಾಡ್ರಿ

ಡಿಸೆಂಬರ್ ಬಂತಂದ್ರ ಇಲ್ಲಿ ಲಂಡನ್ನಿನಾಗ ಎಲ್ಲಾದಕ್ಕೂ ದಾಲ್ಚಿನ್ನಿ ಬೀಳ್ತದ. ಕಾಫಿಗೆ ದಾಲ್ಚಿನ್ನಿ, ಬಿಸ್ಕೀಟಿಗೆ ದಾಲ್ಚಿನ್ನಿ, ಮೇಣಬತ್ತಿಗೂ ದಾಲ್ಚಿನ್ನಿ ವಾಸನಿ. ಇರಲಿ, ಹಬ್ಬ ಅವರದು. ನನ್ನ ತಕರಾರು ಬ್ಯಾರೇನ ಅದ. ನೆಗ್ರೋನಿ ಅನ್ನೋ ಕಹಿ ಕಾಕ್‌ಟೇಲಿಗೆ ‘ಕ್ರಿಸ್ಮಸ್ ಸ್ಪೆಷಲ್’ ಅಂತ ಹೆಸರಿಟ್ಟು, ಮಸಾಲಿ ನೆವದಾಗ ಸಕ್ಕರಿ ಪಾಕ ಸುರದು, ಅದನ್ನ ಹೆಂಗಸರ ಕೈಯಾಗ ಕೊಡ್ತಾರಲ್ಲ, ಅದು ನನಗ ಒಪ್ಪಂಗಿಲ್ಲ.

‘ಅಯ್ಯ, ಇಕಿ ಯಾಕ ಕುಡಿಯೋದರ ಬಗ್ಗೆ ಬರೀಲಿಕ್ಕೆ ಹತ್ಯಾಳ’ ಅಂತ ವೈನಿಯವರು ಮೂಗು ಮುರೀಬ್ಯಾಡ್ರಿ. ಕುಡೀರಿ ಅಂತ ನಾ ಯಾರಿಗೂ ಹೇಳಂಗಿಲ್ಲ. ಆದ್ರ ನಮ್ಮ ಹೆಣ್ಣುಮಕ್ಕಳು, ಸೊಸೆಯಂದಿರು ಬೆಂಗಳೂರಾಗ, ಪುಣೇದಾಗ, ಇಲ್ಲೆ ಪರದೇಶದಾಗ ಆಫೀಸಿನ ಪಾರ್ಟಿಗೆ ಹೋಗ್ತಾರ. ಯಾರೋ ಒಂದು ಗ್ಲಾಸ್ ಕೈಗೆ ಕೊಡ್ತಾರ. ಅದರಾಗ ಏನದ, ಎಷ್ಟದ ಅನ್ನೋದು ಗೊತ್ತಿರಬೇಕೋ ಬ್ಯಾಡೋ? ಕುಡಿಯೋದು ಬಿಡೋದು ಆಮ್ಯಾಲಿನ ಮಾತು.

ನೆಗ್ರೋನಿ ಇಟಲಿಯದು. 1919ರ ಸುಮಾರಿಗೆ ಫ್ಲಾರೆನ್ಸಿನಾಗ ಕಾಮಿಲ್ಲೊ ನೆಗ್ರೋನಿ ಅನ್ನೋ ಒಬ್ಬ ಕೌಂಟ್, ತನ್ನ ‘ಅಮೆರಿಕಾನೊ’ದಾಗ ಸೋಡಾ ಬಿಟ್ಟು ಜಿನ್ ಹಾಕು ಅಂದಾ, ಅಲ್ಲಿಂದ ಇದು ಹುಟ್ಟಿತು ಅಂತ ಹೇಳ್ತಾರ. ಲೆಕ್ಕ ಭಾಳ ಸರಳ. ಜಿನ್ ಒಂದು ಪಾಲು, ಕಂಪಾರಿ ಒಂದು ಪಾಲು, ಕೆಂಪು ಸಿಹಿ ವರ್ಮುತ್ ಒಂದು ಪಾಲು. ಬರ್ಫ ಹಾಕಿ ಚಮಚಾದಲೇ ಕಲಸಿ, ಮ್ಯಾಲೆ ಒಂದು ಕಿತ್ತಳಿ ಸಿಪ್ಪಿ. ಕಂಪಾರಿ ಅಂದ್ರ 1860ರಾಗ ನೊವಾರಾ ಊರಾಗ ಶುರುವಾದ ಕೆಂಪು ಬಣ್ಣದ ಕಹಿ ಮದ್ಯ. ವರ್ಮುತ್ ಅಂದ್ರ ಗಿಡಮೂಲಿಕಿ ನೆನಸಿದ ದ್ರಾಕ್ಷಿ ಮದ್ಯ. ಆ ಹೆಸರು ಬಂದದ್ದ ಒಂದು ಕಹಿ ಗಿಡದ ಜರ್ಮನ್ ಹೆಸರಿನಿಂದ. ಊಟಕ್ಕ ಮೊದಲು, ಆಲಿವ್ ಕಾಯಿಯೋ ಚಿಪ್ಸೋ ಬಾಯಾಡಿಸಿಕೋತ, ಗುಟುಕು ಗುಟುಕಾಗಿ ಕುಡಿಯೋದು ಅಲ್ಲಿನ ರೂಢಿ.

ಈಗ ಅಡಗಿಮನಿ ಲೆಕ್ಕ ಹಾಕೋಣು ಬರ್ರಿ. ಮನ್ಯಾಗ ಮಾಡಿದ್ರ ಒಂದೊಂದೂ 30 ಮಿಲಿ. ಜಿನ್ ಶೇ. 40, ಕಂಪಾರಿ ಇಲ್ಲೆ ಶೇ. 25, ವರ್ಮುತ್ ಸುಮಾರು ಶೇ. 15. ಮೂರೂ ಕೂಡಿಸಿದ್ರ ಬರೇ ಆಲ್ಕೋಹಾಲ್ 24 ಮಿಲಿ ಆತು. ಈ ದೇಶದಾಗ 10 ಮಿಲಿಗೆ ಒಂದು ‘ಯೂನಿಟ್’ ಅಂತಾರ. ವಾರಕ್ಕ 14 ಯೂನಿಟ್ ದಾಟಬ್ಯಾಡ್ರಿ ಅಂತ ಇಲ್ಲಿನ ಸರಕಾರಿ ಡಾಕ್ಟರುಗಳ ಸಲಹೆ, ಗಂಡಸರಿಗೂ ಅಷ್ಟ, ಹೆಂಗಸರಿಗೂ ಅಷ್ಟ. ಅಂಗೈಯಾಗ ಹಿಡಿಯೋ ಈ ಸಣ್ಣ ಗ್ಲಾಸಿನಾಗ ಎರಡೂವರಿ ಯೂನಿಟ್ಟಿನ ಹತ್ರ ಕೂತದ. ಅಂದ್ರ 330 ಮಿಲಿಯ ಬಿಯರ್ ಬಾಟ್ಲಿ ಒಂದೂವರಿ. ಎರಡು ಗ್ಲಾಸ್ ಆದ್ರ ವಾರದ ಪಾಲಿನ ಮೂರನೇ ಒಂದು ಭಾಗ ಒಂದ ಸಂಜಿಗೆ ಖಲಾಸ್.

ಇಷ್ಟು ಗಟ್ಟಿ ಇದ್ದದ್ದಕ್ಕ ಕಾವಲು ಯಾರು? ಅದರ ಕಹಿ. ಹಾಗಲಕಾಯಿ ಕಷಾಯ ಯಾರಾದ್ರೂ ಗಟಗಟ ಕುಡೀತಾರೇನ್ರಿ? ಇದೂ ಹಂಗ. ನಾಲಿಗಿಗೆ ಕಹಿ ಹತ್ತಿದ ಕೂಡಲೆ ಕೈ ತಾನ ಗ್ಲಾಸ್ ಕೆಳಗ ಇಡ್ತದ, ಒಂದು ಗ್ಲಾಸ್ ಮುಗಿಲಿಕ್ಕೆ ಅರ್ಧ ತಾಸು ಹಿಡೀತದ. ಅದರ ಮ್ಯಾಲೆ ದಾಲ್ಚಿನ್ನಿ ಪಾಕ ಹೊಯ್ದು, ಗ್ಲಾಸಿನ ಅಂಚಿಗೆ ಸಕ್ಕರಿ ಮೆತ್ತಿದ್ರ ಕಾವಲುಗಾರನ್ನ ಮಲಗಿಸಿದಂಗ. ಒಳಗಿನ ಆಲ್ಕೋಹಾಲ್ ಒಂದು ಹನಿನೂ ಕಡಿಮಿ ಆಗಿರಂಗಿಲ್ಲ, ನಾಲಿಗಿಗೆ ಮಾತ್ರ ಸುದ್ದಿ ಮುಟ್ಟಂಗಿಲ್ಲ.

ಹೋದ ವರ್ಷ ಒಬ್ಬರ ಮನ್ಯಾಗ ನೋಡಿದೆ. ಗಂಡಸರಿಗೆ ‘ನಿಮಗ ಹೆಂಗ ಬೇಕು’ ಅಂತ ಕೇಳಿ ಕೇಳಿ ಮಾಡಿಕೊಟ್ರು. ಹೆಂಗಸರಿಗೆ ಒಂದು ಮಾತೂ ಕೇಳಲಿಲ್ಲ, ಸಕ್ಕರಿ ಅಂಚಿನ ಗ್ಲಾಸ್ ಸಾಲಾಗಿ ಇಟ್ರು. ‘ಲೇಡೀಸ್‌ಗೆ ಲೈಟ್ ಮಾಡೇವಿ’ ಅಂದ್ರು. ಜಿನ್ ಅಳತಿ ಅದ ಇತ್ತು, ನನ್ನ ಕಣ್ಣ ಮುಂದನ ಸುರದಿದ್ರು. ನನ್ನ ಬಾಜೂಕ ಕೂತಾಕಿ ‘ಶರಬತ್ತಿನಂಗ ಅದ’ ಅಂತ ಎರಡು ಮುಗಿಸಿದ್ಲು. ಮನಿಗೆ ಹೊಂಟಾಗ ಸ್ಟೇಶನ್ನಿನ ಪಾವಟಿಗಿ ಇಳೀಲಿಕ್ಕೆ ಆಕಿಗೆ ಕಾಲ ನಿಲ್ಲವಲ್ದು. ಮರುದಿನ ಮಂದಿ ಆಡಿಕೊಂಡದ್ದು ಯಾರನ್ನ? ಸುರದವರನ್ನಲ್ಲ, ಆಕಿನ್ನ. ‘ಹೆಂಗಸರಿಗೆ ತಡಿಯಂಗಿಲ್ಲ ಬಿಡು’ ಅಂದ್ರು. ಅಷ್ಟ ಕುಡಿದ್ರೂ ಹೆಂಗಸರ ರಕ್ತದಾಗ ಆಲ್ಕೋಹಾಲ್ ಪ್ರಮಾಣ ಹೆಚ್ಚ ಏರ್ತದ, ನಮ್ಮ ಮೈಯಾಗ ನೀರಿನಂಶ ಕಡಿಮಿ ಅಂತ ಡಾಕ್ಟರುಗಳು ಹೇಳ್ತಾರ. ಅದು ಗೊತ್ತಿದ್ದವರು ಹೆಂಗಸರ ಗ್ಲಾಸಿನಾಗ ಜಿನ್ ಕಡಿಮಿ ಹಾಕಬೇಕಾಗಿತ್ತು. ಇವರು ಸಕ್ಕರಿ ಜಾಸ್ತಿ ಹಾಕಿದ್ರು.

ಇದಕ್ಕ ಅವರು ಹೇಳೋ ಕಾರಣ ಕೇಳ್ರಿ, ‘ಹೆಂಗಸರಿಗೆ ಕಹಿ ಸೇರಂಗಿಲ್ಲ’ ಅಂತ. ಯಾವ ಹೆಂಗಸರಿಗೆ? ಬಾಣಂತನದಾಗ ಮೂಗು ಹಿಡಿದು ಕಷಾಯ ಕುಡಿದವರಿಗೆ? ವಾರಕ್ಕೊಮ್ಮೆ ಹಾಗಲಕಾಯಿ ಪಲ್ಯಾ ಮಾಡಿ, ಮನಿಮಂದಿ ಬಿಟ್ಟದ್ದನ್ನ ತಾವ ಉಂಡು ಮುಗಿಸೋರಿಗೆ? ಮೆಂತೆ ನೆನಸಿ ಮುಂಜಾನೆ ಹಸಿಹೊಟ್ಟಿಲೆ ನುಂಗೋರಿಗೆ? ಕಹಿ ಸೇರತದೋ ಇಲ್ಲೋ ಅನ್ನೋದು ನಮ್ಮನ್ನ ಕೇಳಿ ತಿಳಕೋರಿ. ಬ್ಯಾಡ ಅಂದ್ರ ಕೊಡಬ್ಯಾಡ್ರಿ. ವೇಷ ಹಾಕಿಸಿ ಕೊಡೋದು ಮಾತ್ರ ಸಲ್ಲದು.

‘ಹಬ್ಬ ಅಂದ ಮ್ಯಾಲೆ ಸಿಹಿ ಬೇಕಲ್ಲ’ ಅಂತ ಇನ್ನೊಂದು ವಾದ. ನಾವು ವರ್ಷದ ಮೊದಲನೇ ಹಬ್ಬದಾಗ ಬೇವು ತಿನ್ನೋ ಮಂದಿ, ನಮಗ ಇದನ್ನ ಹೇಳ್ತಾರ! ಅದಲ್ಲದ, ನೆಗ್ರೋನಿಯೊಳಗ ಸಿಹಿ ಮೊದಲ ಅದ. ವರ್ಮುತ್ತಿನಾಗ ಸಕ್ಕರಿ ಅದ, ಅಷ್ಟು ಕಹಿ ಕಂಪಾರಿಯೊಳಗೂ ಸಕ್ಕರಿ ಅದ. ಬೇವು-ಬೆಲ್ಲ ಸಮ ಇದ್ದ ಬಟ್ಟಲಿಗೆ ಮತ್ತ ಬೆಲ್ಲ ತುಂಬೋದು ಯಾತಕ್ಕ?

ಮಸಾಲಿ ಬ್ಯಾಡ ಅಂತ ನಾ ಅನ್ನಂಗಿಲ್ಲ. ಮಸಾಲಿಗೆ ಸಕ್ಕರಿ ಜೋಡಿ ಬೇಕಂತ ಯಾರು ಹೇಳಿದ್ರು? ನಮ್ಮ ಸಾರಿನ ಪುಡ್ಯಾಗ ಸಕ್ಕರಿ ಹಾಕ್ತೇವೇನು? ಜಿನ್ನಿನಾಗ ಜುನಿಪರ್ ಹಣ್ಣಿನ ಜೋಡಿ ಬಹಳ ಸಲ ನಮ್ಮ ಕೊತ್ತಂಬರಿ ಬೀಜನ ಇರ್ತದ. ಬ್ಯಾರೆ ಮಸಾಲಿನೂ ಅದರ ಜೋಡಿ ಚೊಲೊ ಹೊಂದತದ. ಮಾಡೋರು ಹಿಂಗ ಮಾಡ್ರಿ:

ಒಂದು ತೊಳೆದು ಒಣಗಿಸಿದ ಗಾಜಿನ ಬಾಟ್ಲಿಯೊಳಗ 200 ಮಿಲಿ ಸಿಹಿ ವರ್ಮುತ್ ಹಾಕ್ರಿ. ಎರಡು ಇಂಚಿನ ದಾಲ್ಚಿನ್ನಿ ಒಂದು ತುಂಡು, ಲವಂಗ ಎರಡ, ಬಿಳಿ ಭಾಗ ತಗದ ಕಿತ್ತಳಿ ಸಿಪ್ಪಿ ಒಂದು ಚೂರು. ದಾಲ್ಚಿನ್ನಿ ತೆಳ್ಳಗ ಪದರ ಪದರ ಸುತ್ತಿದ ಸಿಂಹಳದ್ದಾದ್ರ ಚೊಲೊ. ಮಸಾಲಿ ಡಬ್ಬ್ಯಾಗಿನ ದಪ್ಪ ಗಟ್ಟಿ ಚಕ್ಕಿ ಇದ್ರ ಅರ್ಧ ಸಾಕು, ಅದು ಖಾರ. ಲವಂಗ ಎರಡರ ಮ್ಯಾಲೆ ಬ್ಯಾಡ. ಹಲ್ಲುನೋವಿಗೆ ಲವಂಗದೆಣ್ಣಿ ಹಚ್ಚಿದಾಗ ಬಾಯಿ ಜೋಮು ಹಿಡೀತದಲ್ಲ, ಹಂಗ ಆಗ್ತದ. ಕುದಿಸಬ್ಯಾಡ್ರಿ, ಫ್ರಿಜ್ಜಿನಾಗ ಇಡ್ರಿ. ನಾಲ್ಕು ತಾಸಿಗೆ ಒಮ್ಮೆ ಚಮಚಾದಾಗ ರುಚಿ ನೋಡಿ ಲವಂಗ ತಗೀರಿ, ಉಳಿದದ್ದು ರಾತ್ರಿಯೆಲ್ಲಾ ನೆನೀಲಿ. ಮುಂಜಾನೆ ಸೋಸಿ, ಮತ್ತ ಫ್ರಿಜ್ಜಿನಾಗ. ವರ್ಮುತ್ ದ್ರಾಕ್ಷಿ ಮದ್ಯ, ಹೊರಗಿಟ್ರ ರುಚಿ ಕೆಡತದ. ಆಮ್ಯಾಲೆ ಮೂರೂ ಸಮ ಅಳತಿ, ದೊಡ್ಡ ಬರ್ಫದ ತುಂಡು, ಕಿತ್ತಳಿ ಸಿಪ್ಪಿ. ಹಬ್ಬದ ಘಮ ಬರ್ತದ, ಕಹಿ ಇದ್ದಲ್ಲೇ ಇರ್ತದ.

ಕುಡಿಯದವರನ್ನ ಬರೇ ನೀರಿನ ಗ್ಲಾಸ್ ಕೊಟ್ಟು ಮೂಲ್ಯಾಗ ಕೂಡಿಸಬ್ಯಾಡ್ರಿ. ಸಾನ್‌ಬಿಟ್ಟರ್, ಕ್ರೊಡಿನೊ ಅಂತ ಆಲ್ಕೋಹಾಲ್ ಇಲ್ಲದ ಕಹಿ ಪೇಯ ಇಟಾಲಿಯನ್ನರ ಮಾಡ್ಯಾರ. ಅದಕ್ಕ ಬರ್ಫ, ಕಿತ್ತಳಿ ಸಿಪ್ಪಿ, ಒಂದು ದಾಲ್ಚಿನ್ನಿ ಕಡ್ಡಿ ಹಾಕಿ, ಅದ ಚಂದದ ಗ್ಲಾಸಿನಾಗ ಕೊಡ್ರಿ.

ಮಕ್ಕಳಿಗೆ, ಸೊಸೆಯಂದಿರಿಗೆ ಇಷ್ಟು ಹೇಳಿ ಕಳಸ್ರಿ: ಯಾರಾದ್ರೂ ‘ಇದು ಲೈಟ್ ಅದ’ ಅಂದ್ರ ‘ಜಿನ್ ಎಷ್ಟು ಮಿಲಿ?’ ಅಂತ ಕೇಳವಾ. ಉತ್ತರ ಕೊಡಲಿಕ್ಕೆ ತಡವರಿಸಿದ್ರ ಗ್ಲಾಸ್ ಅಲ್ಲೇ ಮೇಜಿನ ಮ್ಯಾಲೆ ಇಡು. ಸಂಕೋಚ ಪಡೋ ಸರದಿ ಅವರದು.