ವೈದ್ಯಕೀಯ ಯಂತ್ರ: ತತ್ತ್ವ ಪುಸ್ತಕದಲ್ಲಿ, ದುರಸ್ತಿ ಗುತ್ತಿಗೆಯಲ್ಲಿ

ಬೆಂಗಳೂರು: ಇಸಿಜಿ ಯಂತ್ರದ ಬ್ಲಾಕ್ ಡಯಾಗ್ರಾಂ ಅನ್ನು ಬಯೋಮೆಡಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ ಕಣ್ಣು ಮುಚ್ಚಿ ಬಿಡಿಸಬಲ್ಲ. ಅದೇ ಯಂತ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಟ್ಟು ನಿಂತಾಗ ಪರಿಶೀಲನೆಯನ್ನು ಎಲ್ಲಿಂದ ಆರಂಭಿಸಬೇಕು ಎಂಬುದರ ಬಗ್ಗೆ ಅವನು ಪರೀಕ್ಷೆಗೆಂದು ಓದಿದ ಪುಸ್ತಕ ಹೆಚ್ಚೇನೂ ಹೇಳಿರುವುದಿಲ್ಲ.

ಇದು ಕೇವಲ ತರಗತಿಯ ಸಮಸ್ಯೆ ಎಂದು ತಳ್ಳಿಹಾಕುವಂತಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿನ ಉಪಕರಣಗಳ ಪಟ್ಟಿ ಮಾಡಿಸಿದಾಗ 29,115 ಆರೋಗ್ಯ ಕೇಂದ್ರಗಳಲ್ಲಿ 7,56,750 ಉಪಕರಣಗಳು ಲೆಕ್ಕಕ್ಕೆ ಸಿಕ್ಕವು. ರಾಜ್ಯದಿಂದ ರಾಜ್ಯಕ್ಕೆ ಶೇ 13ರಿಂದ ಶೇ 34ರಷ್ಟು ಉಪಕರಣಗಳು ಕೆಲಸ ಮಾಡುತ್ತಿರಲಿಲ್ಲ. ಇದರ ಫಲವಾಗಿ 2015ರಲ್ಲಿ ನಿರ್ವಹಣೆಯನ್ನು ಖಾಸಗಿ ಸಂಸ್ಥೆಗಳಿಗೆ ಒಪ್ಪಿಸುವ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡಿತು. ಜಿಲ್ಲಾ ಆಸ್ಪತ್ರೆಯ ಉಪಕರಣಗಳು ಶೇ 95ರಷ್ಟು, ಪ್ರಾಥಮಿಕ ಆರೋಗ್ಯ ಕೇಂದ್ರದವು ಶೇ 80ರಷ್ಟು ಕಾಲ ಚಾಲನೆಯಲ್ಲಿರಬೇಕು ಎಂಬುದು ಅದರ ಷರತ್ತು.

ಹಾಗಾದರೆ ಗ್ರಂಥಾಲಯದ ಕಪಾಟಿನಲ್ಲಿ ಇರುವುದೇನು? ಲೆಸ್ಲಿ ಕ್ರಾಮ್‌ವೆಲ್ ಮತ್ತು ಸಂಗಡಿಗರ ಪುಸ್ತಕದ ಎರಡನೇ ಆವೃತ್ತಿ 1980ರದು. ಎಂಆರ್‌ಐ ಯಂತ್ರವಾಗಲಿ, ಕೋವಿಡ್ ಕಾಲದಲ್ಲಿ ಮನೆಮಾತಾದ ಪಲ್ಸ್ ಆಕ್ಸಿಮೀಟರ್ ಆಗಲಿ ಆಸ್ಪತ್ರೆಗಳಲ್ಲಿ ರೂಢಿಗೆ ಬರುವ ಮೊದಲು ಅಚ್ಚಾದದ್ದು. ಜಾನ್ ವೆಬ್‌ಸ್ಟರ್ ಸಂಪಾದಿಸಿದ ಗ್ರಂಥ 1978ರಿಂದ ಪರಿಷ್ಕೃತವಾಗುತ್ತಾ 2020ರಲ್ಲಿ ಐದನೇ ಆವೃತ್ತಿ ಕಂಡಿದೆ. ಹೃದಯಕ್ಕೆ ನೇರವಾಗಿ ಜೋಡಿಸಿದ ತಂತಿಯಲ್ಲಿ ಕೆಲವೇ ಹತ್ತು ಮೈಕ್ರೊ ಆಂಪಿಯರ್ ಸೋರಿಕೆಯೂ ಪ್ರಾಣಾಂತಿಕವಾಗಬಹುದು ಎಂಬುದನ್ನು ಅದು ಸೊಗಸಾಗಿ ವಿವರಿಸುತ್ತದೆ. ಆದರೆ ಅರ್ಥಿಂಗ್ ಸರಿಯಿಲ್ಲದ, ದಿನಕ್ಕೆ ಹತ್ತು ಬಾರಿ ವಿದ್ಯುತ್ ಹೋಗಿಬರುವ ವಾರ್ಡು ಅದರ ಕಲ್ಪನೆಯ ಆಸ್ಪತ್ರೆಯಲ್ಲ. ಅದು ಅಮೆರಿಕದ ಪುಸ್ತಕ, ದೂರುವುದರಲ್ಲಿ ಅರ್ಥವಿಲ್ಲ.

ನಮ್ಮವರೇ ಬರೆದದ್ದರಲ್ಲಿ ಆರ್.ಎಸ್. ಖಂಡಪುರ್ ಅವರ ಕೈಪಿಡಿಗೆ ಸಾಟಿ ಇಲ್ಲ. 1987ರಲ್ಲಿ ಹೊರಬಂದ ಈ ಬೃಹತ್ ಪುಸ್ತಕ ಭಾರತದ ಹಲವು ತಲೆಮಾರುಗಳ ಎಂಜಿನಿಯರುಗಳಿಗೆ ಗುರುವಾಗಿದೆ. 2014ರಲ್ಲಿ ಮೂರನೇ ಆವೃತ್ತಿ ಬಂದಿತು. ನಂತರ ದೇಶದ ಕಾನೂನೇ ಬದಲಾಯಿತು. 2017ರ ವೈದ್ಯಕೀಯ ಸಾಧನ ನಿಯಮಗಳು 2018ರ ಜನವರಿಯಲ್ಲಿ ಜಾರಿಯಾದವು. 2020ರ ಏಪ್ರಿಲ್‌ನಿಂದ ಎಲ್ಲ ಸಾಧನಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದವು. ಅಪಾಯದ ಪ್ರಮಾಣ ಆಧರಿಸಿ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾದವು. 2023ರ ಅಕ್ಟೋಬರ್ ಹೊತ್ತಿಗೆ ಸಿ ಮತ್ತು ಡಿ ವರ್ಗಗಳಿಗೂ ಪರವಾನಗಿ ಕಡ್ಡಾಯವಾಯಿತು. ಬೆಂಗಳೂರಿನ ಯಾವುದೇ ವೈದ್ಯಕೀಯ ಉಪಕರಣ ಕಂಪೆನಿಗೆ ಸೇರುವ ಹೊಸ ಪದವೀಧರನಿಗೆ ಮೊದಲ ವಾರದಲ್ಲೇ ಬೇಕಾಗುವ ಪಾಠವಿದು. 2014ರ ಪುಸ್ತಕದಲ್ಲಿ ಅದು ಇರುವುದು ಸಾಧ್ಯವೇ ಇಲ್ಲ.

ಕೊರತೆಗೆ ಲೇಖಕರೊಬ್ಬರೇ ಹೊಣೆಯಲ್ಲ. ದುರಸ್ತಿಯ ನಿಜವಾದ ಜ್ಞಾನ ಇರುವುದು ತಯಾರಕರ ಸರ್ವಿಸ್ ಮ್ಯಾನ್ಯುಯಲ್‌ಗಳಲ್ಲಿ. ಬಹುತೇಕ ಕಂಪೆನಿಗಳು ಅವನ್ನು ಹೊರಗೆ ಬಿಡುವುದಿಲ್ಲ. 2020ರ ಮೇ ತಿಂಗಳಲ್ಲಿ ವೆಂಟಿಲೇಟರ್‌ಗಳಿಗಾಗಿ ಜಗತ್ತೇ ಹಾಹಾಕಾರ ಮಾಡುತ್ತಿದ್ದಾಗ ಅಮೆರಿಕದ ಐಫಿಕ್ಸಿಟ್ ಸಂಸ್ಥೆ ವೈದ್ಯಕೀಯ ಉಪಕರಣಗಳ ದುರಸ್ತಿಗೆ ಸಂಬಂಧಿಸಿದ 13,000ಕ್ಕೂ ಹೆಚ್ಚು ಕಡತಗಳನ್ನು ಉಚಿತವಾಗಿ ಪ್ರಕಟಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಉಪಕರಣ ನಿರ್ವಹಣೆಯ ಕೈಪಿಡಿ ಹೊರತಂದಿದೆ, ಅದಕ್ಕೂ ಕಾಸು ಕೊಡಬೇಕಿಲ್ಲ. ಆದರೆ ಪ್ರಶ್ನೆಪತ್ರಿಕೆಯಲ್ಲಿ ಬರದಿದ್ದನ್ನು ಓದುವವರು ಯಾರು?

ಇನ್ನೊಂದು ಆಕರವೂ ದೇಶದೊಳಗೇ ಇದೆ. ರಾಷ್ಟ್ರೀಯ ಕಾರ್ಯಕ್ರಮದಡಿ ಉಪಕರಣಗಳಿಗೆ ಗುರುತಿನ ಸಂಖ್ಯೆ ನೀಡಿ, ಕೆಟ್ಟಾಗ ಕಾಲ್ ಸೆಂಟರ್‌ಗೆ ದೂರು ದಾಖಲಿಸುವ ವ್ಯವಸ್ಥೆ ಇದೆ. ಯಾವ ಬಗೆಯ ಯಂತ್ರ, ಎಷ್ಟು ಸಲ, ಯಾವ ದೋಷದಿಂದ ನಿಂತಿತು ಎಂಬುದು ಅಲ್ಲಿಂದಲೇ ತಿಳಿಯಬೇಕು. ಹೊಸ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ. ಆಸ್ಪತ್ರೆ ಮತ್ತು ರೋಗಿಯ ಹೆಸರು ಅಳಿಸಿ ಅದನ್ನು ಕಾಲೇಜುಗಳಿಗೆ ಕೊಡಲು ಆರೋಗ್ಯ ಇಲಾಖೆಗಳಿಗೆ ಬೇಕಾಗುವುದು ಒಂದು ಆದೇಶ ಮಾತ್ರ. ಕೇಳಬೇಕಾದವರು ಪಠ್ಯಕ್ರಮ ರೂಪಿಸುವ ಮಂಡಳಿಗಳವರು.