ಸಿಮೆಂಟು ಯಾರಿಗೂ ‘ಅಭ್ಯಾಸ’ ಆಗಲ್ಲ

ಮಳೆ ಬಿಟ್ಟಿದೆ. ಅಡಿಕೆ ಕೊಯ್ಲಿನೊಳಗೆ ಅಂಗಳಕ್ಕೆ ಕಾಂಕ್ರೀಟ್ ಆಗಬೇಕು, ಕೊಟ್ಟಿಗೆ ನೆಲ ಮುಗೀಬೇಕು ಅಂತ ನಮ್ಮ ಕಡೆ ಎಲ್ಲರಿಗೂ ಅವಸರ. ಎಷ್ಟು ಮೂಟೆ, ಜಲ್ಲಿ ಎಲ್ಲಿಂದ, ಮಿಕ್ಸರ್ ಬಾಡಿಗೆ ಎಷ್ಟು ಅಂತ ಗಂಟೆಗಟ್ಟಲೆ ಮಾತಾಡ್ತೀವಿ. ಆ ಹಸಿ ಕಾಂಕ್ರೀಟಿನಲ್ಲಿ ಬರಿಗಾಲಲ್ಲಿ ನಿಲ್ಲೋರ ಬಗ್ಗೆ ಒಂದು ಮಾತಿಲ್ಲ. ಕೇಳಿದ್ರೆ ಉತ್ತರ ರೆಡಿ: "ಅವರಿಗೆ ಅಭ್ಯಾಸ ಇರ್ತದೆ ಮಾರಾಯ್ರೆ."

ಎಂಥ ಅಭ್ಯಾಸ? ಎಲೆಗೆ ಸುಣ್ಣ ಒಂಚೂರು ಹೆಚ್ಚಾದ್ರೆ ಬಾಯಿ ಸುಡೋದು ನಮಗೆಲ್ಲ ಗೊತ್ತು. ಸಿಮೆಂಟಿಗೆ ನೀರು ಬಿದ್ದಾಗ ಹುಟ್ಟೋದೂ ಅದೇ ಸುಣ್ಣ. ಮಣ್ಣು ಪರೀಕ್ಷೆಯ ಚೀಟಿ ಹಿಡಿದು ಪಿಎಚ್ ಲೆಕ್ಕ ಹಾಕೋರು ನಾವು. ಹಸಿ ಸಿಮೆಂಟಿನ ಪಿಎಚ್ 12ರಿಂದ 13, ನಮ್ಮ ಚರ್ಮದ್ದು ಸುಮಾರು 5.5. ಒಂದೊಂದು ಅಂಕಿಗೂ 10 ಪಟ್ಟು ವ್ಯತ್ಯಾಸ ಅನ್ನೋದು ನೆನಪಿರಲಿ.

ಕುದಿಯೋ ನೀರು ಬಿದ್ರೆ ತಕ್ಷಣ ಕಾಲು ಹಿಂದಕ್ಕೆ ತೆಗೀತೀವಿ. ಸಿಮೆಂಟಿನ ಮೋಸ ಇರೋದೇ ಇಲ್ಲಿ. ಕೆಲಸ ಮಾಡುವಾಗ ಏನೂ ಗೊತ್ತಾಗಲ್ಲ. ಉರಿ ಶುರುವಾಗೋದು ಎಷ್ಟೋ ಹೊತ್ತಿನ ಮೇಲೆ, ಕೆಲವು ಸಲ ಮನೆಗೆ ಹೋಗಿ ಮಲಗೋ ಹೊತ್ತಿಗೆ. ಅಷ್ಟರಲ್ಲಿ ಅದು ಒಳಗೊಳಗೇ ಚರ್ಮ ತಿಂದಿರುತ್ತೆ. ಮಂಡಿಯೂರಿ ಮಟ್ಟ ಮಾಡೋರ ಮೊಣಕಾಲಿಗೆ ಇದು ಜಾಸ್ತಿ, ಯಾಕಂದ್ರೆ ಒದ್ದೆ ಪ್ಯಾಂಟು ಅಂಟಿಕೊಂಡೇ ಇರುತ್ತೆ. ಇನ್ನು ಸಿಮೆಂಟಿನಲ್ಲಿರೋ ಕ್ರೋಮಿಯಂ ಒಮ್ಮೆ ಮೈಗೆ ಅಲರ್ಜಿ ಹಿಡಿಸಿತು ಅಂದ್ರೆ, ಆಮೇಲೆ ಸ್ವಲ್ಪ ತಾಗಿದ್ರೂ ಕೈಯೆಲ್ಲ ತುರಿಕೆ, ಬಿರುಕು. ಅದಕ್ಕೇ ಗಾರೆ ಕೆಲಸವನ್ನೇ ಬಿಟ್ಟೋರಿದ್ದಾರೆ. ಅಂದ್ರೆ ವರ್ಷ ಕಳೆದಂತೆ ಅಭ್ಯಾಸ ಆಗೋದಲ್ಲ, ಉಲ್ಟಾ.

"ಗುತ್ತಿಗೆ ಕೊಟ್ಟಾಯ್ತು, ಅದು ಮೇಸ್ತ್ರಿ ನೋಡ್ಕೋಬೇಕು" ಅನ್ನೋರೂ ಇದ್ದಾರೆ. ಅದೇ ಮೇಸ್ತ್ರಿ ಒಂದು ಬಾಂಡ್ಲಿ ಮರಳು ಹೆಚ್ಚು ಹಾಕಿದ್ರೆ ಓಡಿ ಬಂದು ನಿಂತು ಜಗಳ ಆಡ್ತೀವಲ್ಲ! ಒಂದು ಜೊತೆ ಗಮ್‌ಬೂಟಿಗೆ ಹೆಚ್ಚುಕಮ್ಮಿ ಒಂದು ಮೂಟೆ ಸಿಮೆಂಟಿನ ದುಡ್ಡು. ಕೆಲವರ ಮನೇಲಿ ಔಷಧಿ ಹೊಡೆಯೋಕೆ ತಂದ ಬೂಟು ಹಾಗೇ ನೇತಾಡ್ತಿದೆ.

ಬಟ್ಟೆ ಗ್ಲೌಸ್ ಕೊಟ್ಟು ಕೈ ತೊಳ್ಕೋಬೇಡಿ, ಅದು ನೀರು ಹೀರಿ ಇನ್ನೂ ಸುಡುತ್ತೆ. ರಬ್ಬರಿನದ್ದೇ ಬೇಕು. ಪ್ಯಾಂಟು ಬೂಟಿನ ಹೊರಗಿರಲಿ, ಒಳಗೆ ತೂರಿಸಿದ್ರೆ ರಸ ಒಳಗೆ ಇಳಿದು ನಿಲ್ಲುತ್ತೆ. ಹೆಂಗಸರ ಅಳತೆ ಕೇಳಿಯೇ ತನ್ನಿ. ಇದನ್ನ ಯಾರೂ ಕೇಳಲ್ಲ, ದೊಗಳೆ ಬೂಟಿನ ಮೇಲಿಂದ ಕಾಂಕ್ರೀಟ್ ಒಳಗೆ ಹೋಗುತ್ತೆ. ಕೈಕಾಲು ತೊಳೆಯೋಕೆ ಒಳ್ಳೇ ನೀರಿನ ಪೈಪು ಹತ್ತಿರ ಇರಲಿ, ಕರಣೆ ಅದ್ದಿದ ಬಕೆಟ್ ನೀರೇ ಸಿಮೆಂಟು. ತಾಗಿದ್ರೆ ಒದ್ದೆ ಬಟ್ಟೆ ತೆಗೆದು, ಹರಿಯೋ ನೀರಲ್ಲಿ ಕಡಿಮೆ ಅಂದ್ರೂ 20 ನಿಮಿಷ ತೊಳೀಬೇಕು. ಕೊಬ್ಬರಿ ಎಣ್ಣೆ, ಅರಿಶಿನ ಬೇಡ. ಬೊಬ್ಬೆ ಬಂದ್ರೆ, ಚರ್ಮ ಕಪ್ಪಾದ್ರೆ, ಕಣ್ಣಿಗೆ ಬಿದ್ರೆ ತೊಳೆದು ನೇರ ಆಸ್ಪತ್ರೆಗೆ. ಕರ್ಕೊಂಡು ಹೋಗೋದೂ, ಆವತ್ತಿನ ಕೂಲಿ ಕೊಡೋದೂ ಕೆಲಸ ಮಾಡಿಸ್ದೋರೇ.

ನಮ್ಮನೇಲಿ 5, 7, 9ನೇ ನಂಬರಿನ ಬೂಟು ಒಂದೊಂದು ಜೊತೆ ಇದೆ. ಅಂಗಳ ಹಾಕಿಸೋರು ಹಿಂದಿನ ದಿನ ಫೋನ್ ಮಾಡಿ ಒಯ್ಯಿರಿ. ಒಳಗೂ ತೊಳೆದು ವಾಪಸ್ ಕೊಡಿ.