ಮಾಗಿಯ ಚಳಿಯಲ್ಲಿ ಟ್ರ್ಯಾಕ್ಟರಿನ ಇಂಜಿನ್



ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಬೀದರ, ಕಲಬುರಗಿ, ವಿಜಯಪುರ ಜಿಲ್ಲೆಗಳಲ್ಲಿ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯುವ ಬೆಳಗುಗಳುಂಟು. ಅಂಥ ದಿನ ಹೊತ್ತು ಮೂಡುವ ಮೊದಲು ಹಳ್ಳಿಯ ದಾರಿಯಲ್ಲಿ ನಡೆದರೆ ಎರಡು ಬಗೆಯ ಟ್ರ್ಯಾಕ್ಟರುಗಳ ಸದ್ದು ಕೇಳಿಸುತ್ತದೆ. ಒಂದು, ಸೆಲ್ಫ್ ಹೊಡೆದ ಮರುಕ್ಷಣವೇ ಪೂರ್ತಿ ರೇಸ್ ಕೊಟ್ಟು ಕಿರುಚಿಸುತ್ತಿರುವುದು. ಇನ್ನೊಂದು, ಅರ್ಧ ಗಂಟೆಯಿಂದ ನಿಂತಲ್ಲಿಯೇ ಗುಡುಗುಡು ಎನ್ನುತ್ತಿರುವುದು. ಇಬ್ಬರು ಮಾಲೀಕರೂ ಇಂಜಿನ್ ಕಾಯಿಸುತ್ತಿದ್ದೇವೆಂದೇ ಹೇಳುತ್ತಾರೆ. ಇಬ್ಬರದೂ ತಪ್ಪು. ನಮ್ಮ ನಾಡಿನ ಚಳಿಗೆ ಎರಡು ಮೂರು ನಿಮಿಷ ಸಾಕು. ಉಳಿದ ಬಿಸಿಯನ್ನು ಇಂಜಿನ್ನು ಹಗುರಾದ ಕೆಲಸ ಮಾಡುತ್ತಲೇ ಪಡೆಯಬೇಕು.

ಕಾರಣವನ್ನು ತಿಳಿದುಕೊಂಡರೆ ಅಭ್ಯಾಸ ತಾನಾಗಿ ಬದಲಾಗುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಒಳಗೆಳೆದುಕೊಂಡ ಗಾಳಿಯನ್ನು ಪಿಸ್ಟನ್ನು 16 ರಿಂದ 18ರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಹಾಗೆ ಒತ್ತಿದ ಗಾಳಿ ಕಾದು, ಸಿಂಪಡಿಸಿದ ಡೀಸೆಲ್ ಅದರಲ್ಲಿಯೇ ಹೊತ್ತಿಕೊಳ್ಳುತ್ತದೆ. ಸಿಲಿಂಡರಿನ ಗೋಡೆ ತಣ್ಣಗಿದ್ದರೆ ಆ ಕಾವನ್ನು ಕಬ್ಬಿಣವೇ ಹೀರಿಕೊಳ್ಳುತ್ತದೆ. ಆಗ ಡೀಸೆಲ್ ಅರೆಬರೆ ಉರಿದು ಬಿಳಿ ಹೊಗೆಯಾಗಿ ಹೋಗುತ್ತದೆ. ಉರಿಯದೆ ಉಳಿದದ್ದರಲ್ಲಿ ಸ್ವಲ್ಪ ಗೋಡೆಗುಂಟ ಇಳಿದು ಇಂಜಿನ್ ಆಯಿಲ್ ಸೇರುತ್ತದೆ. ಇತ್ತ ಆ ಆಯಿಲ್ ರಾತ್ರಿಯೆಲ್ಲ ಕೆಳಗಿನ ತೊಟ್ಟಿಗೆ ಇಳಿದು ಮಂದವಾಗಿ ಕುಳಿತಿರುತ್ತದೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆಯ ಪಾಡು ನಿಮಗೆ ಗೊತ್ತೇ ಇದೆ. ಇಂಜಿನ್ ಆಯಿಲ್ ಅಷ್ಟು ಗಟ್ಟಿಯಾಗದಿದ್ದರೂ ಮೇಲಿನ ವಾಲ್ವುಗಳಿಗೂ ಬೇರಿಂಗುಗಳಿಗೂ ತಲುಪಲು ಕೆಲವು ಸೆಕೆಂಡು ಬೇಕು. ಅದು ತಲುಪುವ ಮೊದಲೇ ರೇಸ್ ಕೊಟ್ಟರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಟರ್ಬೋ ಇರುವ ಟ್ರ್ಯಾಕ್ಟರಾದರೆ ಹಾನಿ ಇನ್ನೂ ಹೆಚ್ಚು. ಅದರ ಚಕ್ರ ತಿರುಗುವ ವೇಗಕ್ಕೆ ಎಣ್ಣೆಯಿಲ್ಲದ ಒಂದೊಂದು ಕ್ಷಣವೂ ದುಬಾರಿ.

ಆದ್ದರಿಂದ ಬೆಳಗಿನ ಕ್ರಮ ಹೀಗಿರಲಿ. ಸೀಟಿನಲ್ಲಿ ಕುಳಿತು, ಗೇರು ನ್ಯೂಟ್ರಲ್‌ನಲ್ಲಿದೆಯೇ ನೋಡಿ, ಕ್ಲಚ್ಚನ್ನು ಪೂರ್ತಿ ಒತ್ತಿರಿ. ಗೇರುಪೆಟ್ಟಿಗೆಯ ಎಣ್ಣೆಯೂ ಮಂದವಾಗಿರುವುದರಿಂದ ಕ್ಲಚ್ಚು ಒತ್ತಿದರೆ ಸೆಲ್ಫಿನ ಹೊರೆ ಕಡಿಮೆಯಾಗುತ್ತದೆ. ಹೀಟರ್ ಇದ್ದರೆ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 15 ರಿಂದ 20 ಸೆಕೆಂಡು, ಹಿಡಿಯಿರಿ. ಸೆಲ್ಫನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡಿ. ಹತ್ತದಿದ್ದರೆ ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ಇಂಜಿನ್ನು ಹತ್ತಿದ ಕೂಡಲೇ ಕಣ್ಣು ಆಯಿಲ್ ಪ್ರೆಶರಿನ ಮುಳ್ಳು ಅಥವಾ ದೀಪದ ಮೇಲಿರಲಿ. ನಿಧಾನ ವೇಗಕ್ಕಿಂತ ತುಸು ಹೆಚ್ಚಿಗೆ ಎಕ್ಸಲೇಟರ್ ಇಟ್ಟು ಎರಡು ಮೂರು ನಿಮಿಷ ಬಿಡಿ. ಅಷ್ಟರಲ್ಲಿ ಟೈರಿನ ಗಾಳಿ, ಟ್ರೇಲರಿನ ಪಿನ್ನು ನೋಡಿಕೊಳ್ಳಬಹುದು. ಆಮೇಲೆ ಹೊರಡಿ. ಮೊದಲ ಹತ್ತು ನಿಮಿಷ ಹಗುರಾಗಿ ನಡೆಸಿ. ಮನೆಯಿಂದ ಹೊಲ ಮುಟ್ಟುವ ದಾರಿಯೇ ಇದಕ್ಕೆ ಸಾಕು. ತಣ್ಣನೆಯ ಇಂಜಿನ್ನಿಗೆ ಬಂದವನೇ ನೇಗಿಲು ಇಳಿಸಕೂಡದು.

ಇನ್ನು ನಿಂತಲ್ಲೇ ಕಾಯಿಸುವವರ ವಿಷಯ. ಸೈನ್ಯದಿಂದ ನಿವೃತ್ತರಾಗಿ ಬಂದ ಡ್ರೈವರೊಬ್ಬರು ದಿನವೂ 20 ನಿಮಿಷ ಟ್ರ್ಯಾಕ್ಟರನ್ನು ಹಾಗೇ ಓಡಿಸುತ್ತಿದ್ದರು. ಲಡಾಖಿನಲ್ಲಿ ಕಲಿತ ಪಾಠ ಎನ್ನುತ್ತಿದ್ದರು. ಅಲ್ಲಿಗೆ ಅದು ಸರಿ. ಅಲ್ಲಿನ ಚಳಿಗೆ ಡೀಸೆಲ್ಲೇ ಮೇಣದಂತೆ ಕಟ್ಟುತ್ತದೆ. 2019ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಆ ಪ್ರದೇಶಕ್ಕೆಂದೇ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಡೀಸೆಲ್ ತರಬೇಕಾಯಿತು. ನಮ್ಮ ಬೀದರಿನ ಚಳಿಗೆ ಆ ವ್ರತ ಬೇಕಿಲ್ಲ. ಹೊರೆಯಿಲ್ಲದೆ ನಿಂತ ಡೀಸೆಲ್ ಇಂಜಿನ್ನು ಸರಿಯಾಗಿ ಕಾಯುವುದೇ ಇಲ್ಲ. ಮಸಿ ಕಟ್ಟಿಕೊಳ್ಳುತ್ತದೆ ಅಷ್ಟೇ. 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ. ಅಂಥವುಗಳಲ್ಲಿ ಮಸಿ ಹಿಡಿಯುವ ಜಾಲರಿ ಇದ್ದರೆ ಸುಮ್ಮನೆ ಓಡಿಸಿದಷ್ಟೂ ಅದು ಬೇಗ ತುಂಬುತ್ತದೆ.

ಅತಿ ಹೆಚ್ಚು ಡೀಸೆಲ್ ಹಾಳಾಗುವುದು ಸಕ್ಕರೆ ಕಾರ್ಖಾನೆಯ ಮುಂದಿನ ಸಾಲಿನಲ್ಲಿ. ಕಬ್ಬು ನುರಿಸುವ ಹಂಗಾಮೂ ಚಳಿಯೂ ಕೂಡಿಯೇ ಬರುತ್ತವೆ. ಆಫ್ ಮಾಡಿದರೆ ಮತ್ತೆ ಹತ್ತುವುದಿಲ್ಲ ಎಂಬ ಅಂಜಿಕೆಯಿಂದ ರಾತ್ರಿಯಿಡೀ ಇಂಜಿನ್ನು ಓಡುತ್ತಲೇ ಇರುತ್ತದೆ. ನಿಂತ ಟ್ರ್ಯಾಕ್ಟರು ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೂ ಎಂಟು ಗಂಟೆಗೆ 720 ರೂಪಾಯಿ; 20 ರಾತ್ರಿಗೆ 14,400. ಹೊಸ ಬ್ಯಾಟರಿ ಕೊಂಡು ಇನ್ನೂ ಹಣ ಮಿಗುತ್ತದೆ! ಅಂಜಿಕೆಯ ಮೂಲ ಚಳಿಯಲ್ಲ, ಸೋತ ಬ್ಯಾಟರಿ. ಚಳಿಯಲ್ಲಿ ಅದರ ಬಲ ಇನ್ನಷ್ಟು ಕುಗ್ಗುತ್ತದೆ. ಹಂಗಾಮಿಗೆ ಮುಂಚೆಯೇ ಅದರ ತುದಿಗಳ ಬಿಳಿ ಪುಡಿಯನ್ನು ಬಿಸಿನೀರಿನಿಂದ ತೊಳೆದು, ಬಿಗಿ ಮಾಡಿ, ಚಾರ್ಜ್ ಪರೀಕ್ಷೆ ಮಾಡಿಸಿಕೊಳ್ಳಿ.

ಈಗ ಒಂದು ಪ್ರಸಂಗ ಹೇಳಬೇಕು. ಬಾಗಲಕೋಟೆ ಕಡೆ ಕೆಲಸ ಮಾಡುತ್ತಿದ್ದಾಗ ಕಬ್ಬು ಬೆಳೆಗಾರರೊಬ್ಬರು ಹೆಮ್ಮೆಯಿಂದ ಹೇಳಿದ್ದರು: “ಸಾಹೇಬ್ರ, ನಮ್ಮ ಟ್ರ್ಯಾಕ್ಟರ್ ಎಣ್ಣಿ ಕುಡಿಯೂದs ಇಲ್ರಿ. ಬ್ಯಾರೆ ಹೆಚ್ಚಿಗಿ ಆಗತೈತಿ.” ಅಳತೆ ಕಡ್ಡಿ ತೆಗೆದು ಮೂಸಿ ನೋಡಿದೆ. ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಆಯಿಲ್ ಬೆರಳಲ್ಲಿ ನಿಲ್ಲದಷ್ಟು ನೀರಾಗಿತ್ತು. ಅಂಥ ಎಣ್ಣೆಯಲ್ಲಿ ಜಿಗುಟು ಉಳಿದಿರುವುದಿಲ್ಲ. ಬೇರಿಂಗು ಸವೆಯುವುದೊಂದೇ ಬಾಕಿ. ಹೀಗಾಗಲು ಇಂಜೆಕ್ಟರ್ ಸೋರಿಕೆಯಂಥ ಕಾರಣಗಳೂ ಇರಬಹುದು. ಆದರೆ ಇಲ್ಲಿ ಬಿಚ್ಚಿ ನೋಡಿದಾಗ ಥರ್ಮೋಸ್ಟಾಟೇ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಇಂಜಿನ್ನು ಕಾದಿತ್ತೆಂದು ಮಿಸ್ತ್ರಿ ಅದನ್ನು ಕಿತ್ತು ಎಸೆದಿದ್ದನಂತೆ.

ನಮ್ಮ ಊರುಗಳಲ್ಲಿ ಇದು ಸಾಮಾನ್ಯ. ನಮ್ಮದು ಬಿಸಿಲು ನಾಡು, ಥರ್ಮೋಸ್ಟಾಟ್ ಏಕೆ ಎನ್ನುತ್ತಾರೆ. ನೀರು ಸುಮಾರು 70–80 ಡಿಗ್ರಿ ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಟ್ಟು, ಇಂಜಿನ್ನು ಬೇಗ ಬಿಸಿಯಾಗುವಂತೆ ಮಾಡುವುದೇ ಅದರ ಕೆಲಸ. ಅದಿಲ್ಲದಿದ್ದರೆ ಚಳಿಗಾಲದಲ್ಲಿ, ಅದರಲ್ಲೂ ಹಗುರ ಕೆಲಸದಲ್ಲಿ, ಇಂಜಿನ್ನು ಹದಕ್ಕೆ ಬರುವುದೇ ಇಲ್ಲ. ಡೀಸೆಲ್ ಹೆಚ್ಚು ಸುಡುತ್ತದೆ, ಸಿಲಿಂಡರು ಬೇಗ ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಿ ಅದನ್ನು ಕಿತ್ತರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ, ಬೇಸಿಗೆಯಲ್ಲಿ ಕಾಯುವುದು ಇನ್ನೂ ಹೆಚ್ಚಾಗುತ್ತದೆ. ಕೆಟ್ಟಿದೆಯೋ ಎಂಬ ಸಂಶಯವಿದ್ದರೆ ಬಿಚ್ಚಿಸಿ, ನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ನೀರು ಕುದಿಯುವುದರೊಳಗೆ ಅದರ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿಸಿ. ಬರಿದೇ ಕಿತ್ತು ಮುಚ್ಚುವ ಮಿಸ್ತ್ರಿಗೆ ಬೇಡ ಎನ್ನಿ. ರೇಡಿಯೇಟರಿನ ಮುಂದೆ ಗೋಣಿತಟ್ಟು ಕಟ್ಟುವುದು ಇದಕ್ಕೆ ಬದಲಿಯಲ್ಲ. ಬಿಸಿಲೇರಿದ ಮೇಲೆ ಬಿಚ್ಚಲು ಮರೆತು ಇಂಜಿನ್ ಕೆಡಿಸಿಕೊಂಡವರಿದ್ದಾರೆ.

ಆಯಿಲ್ಲನ್ನು ಕೈಪಿಡಿಯಲ್ಲಿ ಬರೆದದ್ದನ್ನೇ ಹಾಕಿಸಿ. 15ಡಬ್ಲ್ಯು-40, 20ಡಬ್ಲ್ಯು-40 ಎಂಬಲ್ಲಿ ಮೊದಲಿನ ಅಂಕಿ ಚಳಿಯದು. ಅದು ಚಿಕ್ಕದಿದ್ದಷ್ಟೂ ತಣ್ಣಗಿರುವಾಗ ಬೇಗ ಹರಿಯುತ್ತದೆ. ಮೋಟಾರ್ ಸೈಕಲ್ಲು, ಕಾರುಗಳಿಗೆ ಅರ್ಧ ನಿಮಿಷ ಸಾಕು. ಆಮೇಲೆ ನಿಧಾನವಾಗಿ ಹೊರಡುವುದು.

ಹಣದ ಮಾತು ಹಾಗಿರಲಿ, ಜೀವದ ಮಾತು ಬೇರೆ. ಹತ್ತದ ಇಂಜಿನ್ನಿನ ಏರ್ ಕ್ಲೀನರ್ ಬಾಯಿಗೆ ಡೀಸೆಲ್ ಅದ್ದಿದ ಬಟ್ಟೆ ಉರಿಸಿ ಹಿಡಿಯುವವರಿದ್ದಾರೆ. ಪಕ್ಕದಲ್ಲೇ ಜೋಳದ ಕಣಿಕೆಯ ಬಣವೆ ಇರುತ್ತದೆ! ಕೆಳಗೆ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫಿನ ತುದಿಗಳನ್ನು ಕೂಡಿಸಿ ಸ್ಟಾರ್ಟ್ ಮಾಡುವುದು ಇನ್ನೂ ಅಪಾಯ. ಗೇರಿನಲ್ಲಿದ್ದರೆ ಹಿಂದಿನ ಗಾಲಿ ನಿಂತವನ ಮೇಲೆಯೇ ಹಾಯುತ್ತದೆ, ತಪ್ಪಿಸಿಕೊಳ್ಳಲು ಎಡೆಯೇ ಇರುವುದಿಲ್ಲ. ಚಳಿಯೆಂದು ಬಾಗಿಲು ಹಾಕಿದ ಕೊಟ್ಟಿಗೆಯೊಳಗೆ ಯಾವ ಇಂಜಿನ್ನನ್ನೂ ಓಡಿಸಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು ಬಂದು ನಿದ್ದೆ ಎಳೆದಂತಾಗುತ್ತದೆ, ಏಳಲಾಗುವುದಿಲ್ಲ. ಅದೇ ಕೊಟ್ಟಿಗೆಯಲ್ಲಿ ಆಳುಮಗನೋ ದನಕರುಗಳೋ ಮಲಗಿರಬಹುದು. ಮೊದಲು ಬಾಗಿಲು ಪೂರ್ತಿ ತೆರೆಯಿರಿ, ಸ್ಟಾರ್ಟ್ ಮಾಡಿದೊಡನೆ ಟ್ರ್ಯಾಕ್ಟರನ್ನು ಮೆಲ್ಲಗೆ ಅಂಗಳಕ್ಕೆ ತನ್ನಿ. ಆ ಎರಡು ಮೂರು ನಿಮಿಷ ಅದು ಬಯಲಲ್ಲೇ ಕಾಯಲಿ.